ಹಿಲರಿ, ಬರ್ನಿ ಇಬ್ಬರೂ ಒಬಾಮ ಹೆಸರಿಗೆ ಅಷ್ಟೊಂದು ಜಗ್ಗಾಡಿದ್ದು ಯಾಕೆ? (2016ರ ಪ್ರೈಮರಿ)

ಹೊಸಬ_2019:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕಕ್ಕೆ ಬಂದಿದ್ದೇ 2019ರಲ್ಲಿ, ಹಾಗಾಗಿ 2016ರ ಚುನಾವಣೆ ಬಗ್ಗೆ ನನಗೆ ಗೊತ್ತಿರೋದು ಬರೀ ಕೊನೇ ಭಾಗ, ಅಂದ್ರೆ ಟ್ರಂಪ್ ಗೆದ್ದಿದ್ದು. ಅದಕ್ಕೂ ಮುಂಚೆ ಡೆಮಾಕ್ರಟಿಕ್ ಪಾರ್ಟಿ ಒಳಗೆ, ಪ್ರೈಮರಿಯಲ್ಲಿ (ಅಂದ್ರೆ ಪಾರ್ಟಿಯ ಅಧ್ಯಕ್ಷ ಅಭ್ಯರ್ಥಿ ಯಾರು ಅಂತ ಆರಿಸೋ ಚುನಾವಣೇಲಿ) ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ನಡುವೆ ಏನಾಯ್ತು ಅಂತ ತಿಳ್ಕೊಳ್ಳೋಣ ಅಂತ ಎರಡು ವಾರದಿಂದ ರಾತ್ರಿ ಊಟ ಆದ್ಮೇಲೆ ಆಗಿನ ಡಿಬೇಟ್‌ಗಳನ್ನ ಒಂದೊಂದಾಗಿ ನೋಡ್ತಾ ಇದೀನಿ.

ಒಂದು ವಿಷಯ ತಲೆಗೆ ಹತ್ತುತ್ತಾ ಇಲ್ಲ. ಜನವರಿ 17, ಚಾರ್ಲ್ಸ್‌ಟನ್ ಡಿಬೇಟ್. ಹಿಲರಿ ಬಾಯಿ ತೆಗೆದ್ರೆ ಒಬಾಮ. ಹೆಲ್ತ್ ಕೇರ್ ಅಂದ್ರೆ ಒಬಾಮ, ವಾಲ್ ಸ್ಟ್ರೀಟ್ (ದೊಡ್ಡ ಬ್ಯಾಂಕುಗಳು) ಅಂದ್ರೂ ಒಬಾಮ. ನೀವು ನನ್ನನ್ನಷ್ಟೇ ಅಲ್ಲ, ವಾಲ್ ಸ್ಟ್ರೀಟ್ ದುಡ್ಡು ತಗೊಂಡ್ರು ಅಂತ ಅಧ್ಯಕ್ಷರನ್ನೂ ಟೀಕೆ ಮಾಡಿದೀರಿ, ಅವರನ್ನ ದುರ್ಬಲ ಅಂದಿದೀರಿ, 2011ರಲ್ಲಿ ಅವರ ವಿರುದ್ಧ ಪ್ರೈಮರಿಗೆ ಯಾರಾದ್ರೂ ನಿಲ್ಲಲಿ ಅಂತ ಹುಡುಕಿದೀರಿ ಅಂತ ಬರ್ನಿ ಮೇಲೆ ಬಿದ್ರು. ಬರ್ನಿ ತಕ್ಷಣ ಲೆಕ್ಕ ಒಪ್ಪಿಸೋ ಥರ, 2006ರಲ್ಲಿ ನನ್ನ ಸೆನೆಟ್ ಚುನಾವಣೆಗೆ ಒಬಾಮ ಬಂದು ಪ್ರಚಾರ ಮಾಡಿದ್ರು, 2008, 2012 ಎರಡರಲ್ಲೂ ನಾನು ಅವರಿಗಾಗಿ ದುಡಿದೆ, ನಾವು ಫ್ರೆಂಡ್ಸ್ ಅಂದ್ರು. ಆಮೇಲೆ ಫೆಬ್ರವರಿ 11ಕ್ಕೆ ಮಿಲ್ವಾಕೀಲಿ ಇನ್ನೂ ಜೋರು. ಇಂಥ ಟೀಕೆ ರಿಪಬ್ಲಿಕನ್ನರಿಂದ ಬರಬೇಕು, ನಮ್ಮವರಿಂದ ಅಲ್ಲ ಅಂತ ಹಿಲರಿ, ಇದು ಸೊಂಟದ ಕೆಳಗಿನ ಏಟು ಅಂತ ಬರ್ನಿ. ಕೊನೆಗೆ ಬರ್ನಿ ಹೇಳ್ತಾರೆ, ನಮ್ಮಿಬ್ಬರಲ್ಲಿ ಒಬ್ರು ಒಬಾಮ ವಿರುದ್ಧ ಚುನಾವಣೆಗೆ ನಿಂತಿದ್ರು, ಅದು ನಾನಲ್ಲ. ಆ ಕ್ಷಣ ಹಿಲರಿ ಮುಖ ನೋಡೋಕೆ ಎರಡು ಸಲ ಹಿಂದಕ್ಕೆ ಹೋಗಿ ಪ್ಲೇ ಮಾಡಿದೆ.

ನನ್ನ ಪ್ರಶ್ನೆ ಇಷ್ಟೇ. ಒಬಾಮ ಮತ್ತೆ ನಿಲ್ಲೋ ಹಾಗಿಲ್ಲ, ಎರಡು ಅವಧಿ ಮುಗೀತು. ಅಭ್ಯರ್ಥಿ ಆದವರು ಮುಂದೆ ನಾನೇನು ಮಾಡ್ತೀನಿ ಅಂತ ಹೇಳಬೇಕಲ್ವಾ? ಹೊರಡೋಕೆ ಪೆಟ್ಟಿಗೆ ಕಟ್ತಾ ಇರೋ ಮನುಷ್ಯನ ಪರಂಪರೆಗೆ ನಾನೇ ವಾರಸುದಾರ ಅಂತ ಇಷ್ಟೊಂದು ಕಿತ್ತಾಟ ಯಾಕೆ? ಮತ ಹಾಕೋರ ಮೇಲೆ ಇದು ನಿಜವಾಗ್ಲೂ ಕೆಲಸ ಮಾಡ್ತಾ? ಆಗ ಇಲ್ಲೇ ಇದ್ದವರು, ವೋಟ್ ಹಾಕಿದವರು ಯಾರಾದ್ರೂ ಹೇಳಿ ದಯವಿಟ್ಟು.


ಪಾಮೆಟ್ಟೊ_ಅಕ್ಕ:

ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನಿರೋದು ಸೌತ್ ಕ್ಯಾರೊಲೈನಾದ ಕೊಲಂಬಿಯಾದಲ್ಲಿ. ಸಿಟಿಜನ್ ಆಗಿ ನಾನು ಹಾಕಿದ ಮೊದಲನೇ ಪ್ರೈಮರಿ ವೋಟೇ 2016 ಫೆಬ್ರವರಿ 27, ಶನಿವಾರ. ಇಲ್ಲಿ ಪಾರ್ಟಿ ಹೆಸರಲ್ಲಿ ರಿಜಿಸ್ಟರ್ ಮಾಡ್ಕೊಳ್ಳೋ ಪದ್ಧತಿ ಇಲ್ಲ, ಯಾರು ಬೇಕಾದ್ರೂ ಯಾವ ಪಾರ್ಟಿ ಪ್ರೈಮರಿಗಾದ್ರೂ ಹೋಗಬಹುದು, ಒಂದಕ್ಕೆ ಮಾತ್ರ. ಅದಕ್ಕೂ ಮುಂಚೆ ನಾಲ್ಕು ವಾರ ವೀಕೆಂಡ್‌ನಲ್ಲಿ ಹಿಲರಿ ಪರವಾಗಿ ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದೀನಿ, ಹಾಗಾಗಿ ನಾನು ಒಂದು ಕಡೆಯವಳು ಅಂತ ಮೊದಲೇ ಹೇಳಿಬಿಡ್ತೀನಿ.

ನೀವು ನೋಡಿದ ಆ ಚಾರ್ಲ್ಸ್‌ಟನ್ ಡಿಬೇಟ್ ಎಲ್ಲಿ ನಡೀತು ಅಂತ ಗಮನಿಸಿದ್ರಾ? ಗೈಲಾರ್ಡ್ ಸೆಂಟರ್. ಅಲ್ಲಿಂದ ನಡ್ಕೊಂಡು ಹೋಗೋಷ್ಟು ಹತ್ತಿರದಲ್ಲೇ ಕಪ್ಪು ಜನಾಂಗದವರ ಮದರ್ ಇಮ್ಯಾನ್ಯುಯಲ್ ಚರ್ಚ್. ಏಳು ತಿಂಗಳ ಹಿಂದೆ, 2015 ಜೂನ್ 17ರ ರಾತ್ರಿ, ಬೈಬಲ್ ಓದ್ತಾ ಕೂತಿದ್ದ ಒಂಬತ್ತು ಜನರನ್ನ ಒಬ್ಬ ಬಿಳಿಯ ಹುಡುಗ ಗುಂಡಿಟ್ಟು ಕೊಂದಿದ್ದು ಅಲ್ಲೇ. ಅದಾದ ಒಂಬತ್ತನೇ ದಿನ ಒಬಾಮ ಬಂದು ಸತ್ತವರಲ್ಲಿ ಒಬ್ಬರಾದ ಪಾದ್ರಿ ಪಿಂಕ್ನೀ ಅವರ ಅಂತಿಮ ನಮನದಲ್ಲಿ ಮಾತಾಡಿ, ಮಾತು ನಿಲ್ಲಿಸಿ, ಸುಮಾರು ಹೊತ್ತು ಸುಮ್ಮನೆ ನಿಂತು, ಆಮೇಲೆ ಯಾವ ವಾದ್ಯವೂ ಇಲ್ಲದೆ ತಾವೇ ಹಾಡೋಕೆ ಶುರು ಮಾಡಿದ್ರು, ಹಿಂದೆ ಕೂತಿದ್ದ ಪಾದ್ರಿಗಳು ಎದ್ದು ನಿಂತು ದನಿ ಸೇರಿಸಿದ್ರು. ಅದನ್ನ ಟಿವಿಯಲ್ಲಿ ನೋಡಿ ಅತ್ತಿದ್ದ ಜನ ಇಲ್ಲಿನ ಮತದಾರರು. ಅವರಿಗೆ ಒಬಾಮ ಅಂದ್ರೆ ಪೆಟ್ಟಿಗೆ ಕಟ್ತಾ ಇರೋ ರಾಜಕಾರಣಿ ಅಲ್ಲ ಸರ್, ಮನೆ ಮನುಷ್ಯ.

ಈಗ ಲೆಕ್ಕ ಹೇಳ್ತೀನಿ. ಅಯೋವಾ ಕಾಕಸ್‌ನಲ್ಲಿ (ಪಾರ್ಟಿಯವರು ಸಭೆ ಸೇರಿ ಅಭ್ಯರ್ಥಿಯನ್ನ ಆರಿಸೋ ಪದ್ಧತಿ) ಹಿಲರಿ ಗೆದ್ದಿದ್ದು ಕೂದಲೆಳೆ ಅಂತರದಲ್ಲಿ, 49.8ಕ್ಕೆ 49.6. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬರ್ನಿ 60 ಪರ್ಸೆಂಟ್ ತಗೊಂಡು ಅವರನ್ನ ಮಕಾಡೆ ಮಲಗಿಸಿದ್ರು. ಆ ಎರಡೂ ರಾಜ್ಯದಲ್ಲಿ ಬಿಳಿಯರೇ ಬಹುಪಾಲು. ಆಮೇಲೆ ನೆವಾಡ, ಆಮೇಲೆ ನಮ್ಮದು. ನಮ್ಮಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ ಬರೋರಲ್ಲಿ ಹತ್ತಕ್ಕೆ ಆರು ಜನ ಕಪ್ಪು ಜನಾಂಗದವರು. ಮಿಲ್ವಾಕೀ ಡಿಬೇಟ್ ನ್ಯೂ ಹ್ಯಾಂಪ್‌ಶೈರ್ ಸೋಲಿನ ಎರಡನೇ ದಿನ ಅನ್ನೋದನ್ನ ನೆನಪಿಟ್ಕೊಂಡು ಇನ್ನೊಂದು ಸಲ ನೋಡಿ, ಹಿಲರಿ ಯಾರ ಜೊತೆ ಮಾತಾಡ್ತಾ ಇದ್ರು ಅಂತ ಗೊತ್ತಾಗುತ್ತೆ. ಮಾತು ಬರ್ನಿ ಕಡೆಗೆ, ಕಣ್ಣು ನಮ್ಮ ರಾಜ್ಯದ ಕಡೆಗೆ.

ಆದ್ರೆ ಇದು ಬರೀ ಓಟಿನ ಲೆಕ್ಕಾಚಾರ ಅಂತ ಅಂದ್ಕೋಬೇಡಿ. ಒಂದು ಮನೆ ಬಗ್ಗೆ ಹೇಳ್ತೀನಿ. ಊರಿನ ಉತ್ತರ ಭಾಗ, ಮುಂದೆ ಜಗುಲಿ ಥರ ಪೋರ್ಚ್ ಇರೋ ಹಳೇ ಮನೆ. ಎಂಬತ್ತರ ಹತ್ತಿರದ ಅಜ್ಜಿ. ಚಳಿ ಇತ್ತು, ನನ್ನನ್ನ ಒಳಗೆ ಕರೆದ್ರು. ಸೋಫಾ ಮೇಲ್ಗಡೆ ಗೋಡೆಯಲ್ಲಿ ಮೂರು ಫ್ರೇಮ್, ಒಂದು ಏಸುದು, ಒಂದು ಮಾರ್ಟಿನ್ ಲೂಥರ್ ಕಿಂಗ್ ಅವರದು, ಒಂದು ಒಬಾಮ ಕುಟುಂಬದ್ದು, ಮಕ್ಕಳು ಇನ್ನೂ ಸಣ್ಣವರಿದ್ದಾಗಿನ ಫೋಟೋ. ಫ್ರೇಮ್ ಗಾಜಿನ ಮೇಲೆ ಒಂದು ಚೂರು ಧೂಳಿಲ್ಲ. ನಾನು ಕೈಯಲ್ಲಿದ್ದ ಪೇಪರ್ ನೋಡ್ಕೊಂಡು ಹಿಲರಿ ಹೆಲ್ತ್ ಕೇರ್ ಪಾಲಿಸಿ ಓದೋಕೆ ಶುರು ಮಾಡಿದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದ್ರು. ನನ್ನ ಮಗಳಿಗೆ ಸಕ್ಕರೆ ಕಾಯಿಲೆ, ಯಾವ ಇನ್ಶೂರೆನ್ಸ್ ಕಂಪನಿನೂ ತಗೋತಾ ಇರ್ಲಿಲ್ಲ, ಇವನು ಬಂದ್ಮೇಲೆ ತಗೊಂಡ್ರು, ಈಗ ಆ ಇನ್ನೊಬ್ಬ ಅಣ್ಣ ಎಲ್ಲಾ ಕಿತ್ತು ಹೊಸದಾಗಿ ಕಟ್ತೀನಿ ಅಂತಾನಂತೆ, ಕಟ್ಟೋ ತನಕ ನನ್ನ ಮಗಳು ಎಲ್ಲಿರಬೇಕು ಅಂತ ಕೇಳಿದ್ರು. ನನ್ನ ಹತ್ರ ಇದ್ದ ಎರಡು ಪುಟದ ಪೇಪರ್‌ಗಿಂತ ಆ ಒಂದು ಪ್ರಶ್ನೆ ದೊಡ್ಡದಾಗಿತ್ತು.

ಬರ್ನಿ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಎಲ್ಲರಿಗೂ ಅನ್ನೋ ಪ್ಲಾನ್ ಬಿಡುಗಡೆ ಮಾಡಿದ್ದು ಚಾರ್ಲ್ಸ್‌ಟನ್ ಡಿಬೇಟ್‌ಗೆ ಕೆಲವೇ ಗಂಟೆ ಮುಂಚೆ. ಅದರ ಉದ್ದೇಶ ಒಳ್ಳೇದೇ ಇರಬಹುದು. ಆದ್ರೆ 2010 ಮಾರ್ಚ್ 23ಕ್ಕೆ ಸಹಿ ಆದ ಒಬಾಮಕೇರ್ ಕಾನೂನನ್ನ ರಿಪಬ್ಲಿಕನ್ನರು ಹತ್ತಾರು ಸಲ ರದ್ದು ಮಾಡೋಕೆ ನೋಡಿದ್ರು, ನಮ್ಮ ರಾಜ್ಯ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಣೆ ಬೇಡವೇ ಬೇಡ ಅಂತ ಕೂತಿತ್ತು, ಅಂಥ ಕಡೆ ಇರೋ ಜನಕ್ಕೆ ಕೈಯಲ್ಲಿರೋದನ್ನ ಕಾಪಾಡ್ಕೊಳ್ಳೋದೇ ದೊಡ್ಡ ಕೆಲಸ. ಹಿಲರಿ ಒಬಾಮ ಒಬಾಮ ಅಂದಾಗ ಈ ಜನಕ್ಕೆ ಕೇಳಿಸಿದ್ದು, ನಿಮ್ಮ ಕೈಯಲ್ಲಿರೋದು ಹೋಗಲ್ಲ ಅನ್ನೋ ಮಾತು.

ರಿಸಲ್ಟ್ ನಿಮಗೆ ಗೊತ್ತಿರಬಹುದು. ಹಿಲರಿ 73, ಬರ್ನಿ 26. ಕಪ್ಪು ಮತದಾರರಲ್ಲಿ ಹಿಲರಿಗೆ 86 ಪರ್ಸೆಂಟ್ ಅಂತ ಎಕ್ಸಿಟ್ ಪೋಲ್. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು. ಇದೇ ರಾಜ್ಯದಲ್ಲಿ 2008ರಲ್ಲಿ ಒಬಾಮ 55 ತಗೊಂಡಾಗ ಹಿಲರಿಗೆ ಸಿಕ್ಕಿದ್ದು 26.5. ಎಂಟು ವರ್ಷ ಮುಂಚೆ ಹಿಲರಿಗೆ ಬೆನ್ನು ತೋರಿಸಿದ ಅದೇ ಜನ, ಯಾರ ಎದುರು ಸೋತಿದ್ರೋ ಆ ಒಬಾಮ ಹೆಸರಲ್ಲೇ ಹಿಲರಿಯನ್ನ ಎತ್ತಿ ಕೂರಿಸಿದ್ರು. ಸೋತ ಮೇಲೆ ಹೋಗಿ ಒಬಾಮ ಸಂಪುಟದಲ್ಲಿ ನಾಲ್ಕು ವರ್ಷ ವಿದೇಶಾಂಗ ಕಾರ್ಯದರ್ಶಿಯಾಗಿ ದುಡಿದಿದ್ದನ್ನ ಜನ ಮರೆತಿರ್ಲಿಲ್ಲ. ಬಾಗಿಲು ತಟ್ಟಿದ ಕಡೆಯೆಲ್ಲಾ ಈ ಮಾತು ಬರ್ತಿತ್ತು, ಅವಳು ಸೋತಾಗ ಮುನಿಸ್ಕೊಂಡು ಮನೇಲಿ ಕೂರಲಿಲ್ಲ ಅಂತ.


ಹಸಿರುಬೆಟ್ಟ:

ಅಕ್ಕ ಬರೆದಿದ್ದು ಮನಸ್ಸು ತಟ್ಟಿತು, ಆ ಅಜ್ಜಿ ಪ್ರಶ್ನೆಗೆ ನಾನು ಎದುರು ಮಾತಾಡಲ್ಲ. ಆದ್ರೆ ನಾನು ಆಗ ವರ್ಮಾಂಟ್‌ನಲ್ಲಿದ್ದವನು, ಬರ್ನಿಗೆ ಪ್ರತಿ ತಿಂಗಳು ಇಪ್ಪತ್ತೇಳು ಡಾಲರ್ ಕಳಿಸ್ತಾ ಇದ್ದೆ, ನಮ್ಮ ಕಡೆ ಮಾತನ್ನೂ ಹೇಳ್ದೆ ಇದ್ರೆ ತಪ್ಪಾಗುತ್ತೆ.

ಆ 2011ರ ಮಾತು, ಒಬಾಮಗೆ ಪ್ರೈಮರಿಯಲ್ಲಿ ಎದುರಾಳಿ ಇದ್ರೆ ಒಳ್ಳೇದು ಅಂದಿದ್ದು, ನಿಜ, ರೇಡಿಯೋದಲ್ಲಿ ಹೇಳಿದ್ರು. ಯಾಕೆ ಹೇಳಿದ್ರು ಅಂತ ಡಿಬೇಟ್‌ನಲ್ಲಿ ಯಾರೂ ಕೇಳಲಿಲ್ಲ. 2011ರ ಬೇಸಿಗೇಲಿ ಸರ್ಕಾರದ ಸಾಲದ ಮಿತಿ ಏರಿಸೋ ವಿಷಯಕ್ಕೆ ಒಬಾಮ ರಿಪಬ್ಲಿಕನ್ ಸ್ಪೀಕರ್ ಬೇನರ್ ಜೊತೆ ದೊಡ್ಡ ಒಪ್ಪಂದಕ್ಕೆ ಕೂತಿದ್ರು, ಅದರಲ್ಲಿ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿಯ ವಾರ್ಷಿಕ ಏರಿಕೆಯನ್ನ ಕಮ್ಮಿ ಮಾಡೋ ಮಾತೂ ಇತ್ತು. ವಯಸ್ಸಾದವರ ಪಿಂಚಣಿಗೆ ಕೈ ಹಾಕ್ತಾರೆ ಅಂದಾಗ ಬರ್ನಿಗೆ ಕೋಪ ಬಂತು. ಬರಬೇಕಾದ್ದೇ. ಒಪ್ಪಂದ ಮುರಿದು ಬಿತ್ತು, ಆದ್ರೂ 2013ರ ಬಜೆಟ್‌ನಲ್ಲಿ ಒಬಾಮ ಅದನ್ನ ಮತ್ತೆ ಸೇರಿಸಿದ್ರು, ಪಾರ್ಟಿ ಒಳಗಿಂದಲೇ ಗಲಾಟೆ ಎದ್ದ ಮೇಲೆ 2014ರಲ್ಲಿ ಕೈಬಿಟ್ರು. 2016 ಜೂನ್ 1ಕ್ಕೆ ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ನಿಂತು ಅದೇ ಒಬಾಮ ಸೋಶಿಯಲ್ ಸೆಕ್ಯೂರಿಟಿ ಇನ್ನೂ ಉದಾರ ಆಗ್ಬೇಕು ಅಂತ ಭಾಷಣ ಮಾಡಿದ್ರು. ಬರ್ನಿ ಐದು ವರ್ಷದಿಂದ ಬಾಯಿ ಬಡ್ಕೊಂಡಿದ್ದೂ ಅದನ್ನೇ. ಹಾಗಾದ್ರೆ ಇವತ್ತು ಒಬಾಮ ಪರಂಪರೆ ಅಂತ ನಾವು ಹೆಮ್ಮೆ ಪಡೋದ್ರಲ್ಲಿ ಅವರನ್ನ ಗದರಿದವರ ಪಾಲು ಇಲ್ವಾ?

ಇನ್ನೊಂದು ದಿನ ನನಗೆ ಚೆನ್ನಾಗಿ ನೆನಪಿದೆ, 2010 ಡಿಸೆಂಬರ್ 10, ಶುಕ್ರವಾರ. ಶ್ರೀಮಂತರಿಗೆ ಹಿಂದಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್ ಕೊಟ್ಟಿದ್ದ ತೆರಿಗೆ ಕಡಿತವನ್ನ ಮುಂದುವರಿಸೋಕೆ ಒಬಾಮ ರಿಪಬ್ಲಿಕನ್ನರ ಜೊತೆ ರಾಜಿ ಮಾಡ್ಕೊಂಡಿದ್ರು. ಬರ್ನಿ ಬೆಳಗ್ಗೆ ಸೆನೆಟ್‌ನಲ್ಲಿ ಎದ್ದು ನಿಂತವರು ಎಂಟೂವರೆ ಗಂಟೆ ಮಾತಾಡಿದ್ರು. 69 ವರ್ಷ ವಯಸ್ಸಾಗ. ನಾನು ಆಫೀಸಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಾ ಕೂತಿದ್ದೆ, ಮಧ್ಯಾಹ್ನ ಊಟಕ್ಕೆ ಹೋಗಿ ಬಂದೆ ಇನ್ನೂ ಮಾತಾಡ್ತಾ ಇದ್ರು, ಮೀಟಿಂಗ್ ಮುಗಿಸಿ ಬಂದೆ ಇನ್ನೂ ನಿಂತೇ ಇದ್ರು, ದನಿ ಒಡೆದು ಹೋಗಿತ್ತು. ಅದೇ ದಿನ ಒಬಾಮ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನ ವೈಟ್ ಹೌಸ್ ಪ್ರೆಸ್ ರೂಮಿಗೆ ಕರ್ಕೊಂಡು ಬಂದು, ಆ ರಾಜಿ ಯಾಕೆ ಸರಿ ಅಂತ ಹೇಳಲಿ ಅಂತ ಮೈಕ್ ಅವರಿಗೇ ಬಿಟ್ಟು, ತಾವು ಕ್ರಿಸ್‌ಮಸ್ ಪಾರ್ಟಿಗೆ ಹೊರಟು ಹೋದ್ರು. ಈ ಎರಡು ದೃಶ್ಯ ಅಕ್ಕಪಕ್ಕ ಇಟ್ಟು ನೋಡಿ, 2016ರ ಜಗಳದ ಬೇರು ಅಲ್ಲೇ ಇದೆ ಅಂತ ನನಗೆ ಅನ್ಸುತ್ತೆ.

ಟೀಕೆ ಮಾಡಿದವನು ಶತ್ರು ಅಂತ ಬಿಂಬಿಸಿದ್ದು ನನಗೆ ನೋವಾಯ್ತು. ಒಬಾಮಕೇರ್‌ಗೆ ಬರ್ನಿ ವೋಟ್ ಹಾಕಿದ್ರು. ಸುಮ್ಮನೆ ಹಾಕಲಿಲ್ಲ, ಬಡವರ ಬಡಾವಣೆಗಳಲ್ಲಿ, ಹಳ್ಳಿಗಾಡಲ್ಲಿ ನಡೆಯೋ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಿಗೆ ಸುಮಾರು 11 ಬಿಲಿಯನ್ ಡಾಲರ್ ಆ ಕಾನೂನಲ್ಲೇ ಬರೆಸ್ಕೊಂಡು ಹಾಕಿದ್ರು. ಅಕ್ಕ, ನಿಮ್ಮ ರಾಜ್ಯದಲ್ಲೂ ಅಂಥ ಸೆಂಟರ್‌ಗಳಿವೆ, ನಿಮ್ಮ ರಾಜ್ಯದ ಸಂಸದ ಕ್ಲೈಬರ್ನ್ ಅವರೂ ಅದಕ್ಕಾಗಿ ಹೌಸ್‌ನಲ್ಲಿ ದುಡಿದವರೇ. ಇನ್ನು ಟಿಪಿಪಿ, ಅಂದ್ರೆ ಪೆಸಿಫಿಕ್ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ, ಅದು ಒಬಾಮ ಕೊನೇ ವರ್ಷಗಳಲ್ಲಿ ತುಂಬಾ ಆಸೆಪಟ್ಟು ಮಾಡಿದ ಕೆಲಸ. ಹಿಲರಿ 2012ರಲ್ಲಿ ಆಸ್ಟ್ರೇಲಿಯಾಗೆ ಹೋಗಿ ಅದನ್ನ ಚಿನ್ನದಂಥ ಒಪ್ಪಂದ ಅಂತ ಹೊಗಳಿ, 2015 ಅಕ್ಟೋಬರ್‌ನಲ್ಲಿ ಬೇಡ ಅಂದ್ರು. ಅದಕ್ಕೆ ನಾನು ತಪ್ಪು ಅನ್ನಲ್ಲ, ಬೇಡ ಅಂದಿದ್ದು ಸರಿ. ಆದ್ರೆ ಒಬಾಮ ಪರಂಪರೆಯಲ್ಲಿ ತನಗೆ ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಬಿಡೋ ಹಕ್ಕು ಅವರಿಗೆ ಇದ್ರೆ ಬರ್ನಿಗೂ ಇತ್ತು ಅಲ್ವಾ. ಮಾರ್ಚ್ 8ಕ್ಕೆ ಮಿಷಿಗನ್‌ನಲ್ಲಿ ಬರ್ನಿ ಗೆದ್ದಾಗ ಅಲ್ಲಿಯ ಕಾರ್ಖಾನೆ ಕೆಲಸದವರು ಹೇಳಿದ್ದೂ ಇದೇ ವಿಷಯ, ನಾವು ಒಬಾಮಗೆ ಎರಡು ಸಲ ಹಾಕಿದ್ವಿ, ಆದ್ರೆ ಈ ಒಪ್ಪಂದ ಬೇಡ.

ಒಂದು ತಪ್ಪು ಮಾತ್ರ ನಮ್ಮ ಕಡೆಯಿಂದಾಯ್ತು ಅಂತ ಒಪ್ತೀನಿ. ಬರ್ನಿಗೆ ಆ ಪ್ರೀತಿಯ ಭಾಷೆ ಬರ್ಲಿಲ್ಲ. ಒಬಾಮ ಬಗ್ಗೆ ಕೇಳಿದ್ರೆ ಫ್ರೆಂಡು, ಕೆಲವು ಭಿನ್ನಾಭಿಪ್ರಾಯ ಇದೆ ಅಂತ ಮುಗಿಸಿ ಮತ್ತೆ ವಾಲ್ ಸ್ಟ್ರೀಟ್‌ಗೆ ಹೋಗ್ತಿದ್ರು. ಆ ಅಜ್ಜಿ ಗೋಡೆ ಮೇಲಿನ ಫೋಟೋ ಮುಂದೆ ನಿಂತು ಮಾತಾಡೋಕೆ ಬೇಕಾದ ಮಾತು ಅದಲ್ಲ.


ಹಳೇ_ಪತ್ರಿಕೆ:

ಇಬ್ಬರೂ ಚೆನ್ನಾಗಿ ಬರೆದಿದೀರಿ. ನಾನು 1985ರಿಂದ ಇಲ್ಲಿದೀನಿ, ಹೊಸಬರೇ, ಇದು 2016ಕ್ಕೆ ಶುರುವಾಗಿದ್ದಲ್ಲ ಅಂತ ಹೇಳೋಕೆ ಬಂದೆ. 1988ರಲ್ಲಿ ರಿಪಬ್ಲಿಕನ್ನರಲ್ಲಿ ಹೂಬೇಹೂಬು ಇದೇ ನಡೀತು, ಆಗಿನ ಅಧ್ಯಕ್ಷ ರೇಗನ್ ಹೆಸರಿಗೆ.

ಆರು ಜನ ಇದ್ರು. ಉಪಾಧ್ಯಕ್ಷ ಬುಷ್ (ಅಪ್ಪ ಬುಷ್), ಸೆನೆಟರ್ ಡೋಲ್, ಜ್ಯಾಕ್ ಕೆಂಪ್, ಟಿವಿ ಪಾದ್ರಿ ರಾಬರ್ಟ್‌ಸನ್, ಡ್ಯೂಪಾಂಟ್, ಜನರಲ್ ಹೇಗ್. ಬುಷ್ ಎಂಟು ವರ್ಷ ರೇಗನ್ ಪಕ್ಕದಲ್ಲೇ ನಿಂತವರು, ಆದ್ರೆ 1980ರ ಪ್ರೈಮರಿಯಲ್ಲಿ ರೇಗನ್ ಅರ್ಥನೀತಿಯನ್ನ ಮಾಟಮಂತ್ರದ ಅರ್ಥಶಾಸ್ತ್ರ ಅಂತ ಜರೆದಿದ್ದವರೂ ಅವರೇ, ಆ ಮಾತು ಅವರನ್ನ ಕೊನೇವರೆಗೂ ಬಿಡಲಿಲ್ಲ. ಕೆಂಪ್ ಹೇಳ್ತಿದ್ದಿದ್ದು, 1981ರ ತೆರಿಗೆ ಕಡಿತದ ಮೂಲ ಮಸೂದೆ ನನ್ನದು, ನಾನೇ ನಿಜವಾದ ವಾರಸುದಾರ ಅಂತ. ನೋಡೋಕೆ ಕೆಂಪ್ ಮಾತೇ ಸರಿ ಅನ್ಸುತ್ತೆ ಅಲ್ವಾ? ಆದ್ರೆ 1987 ಡಿಸೆಂಬರ್ 8ಕ್ಕೆ ರೇಗನ್, ಗೋರ್ಬಚೆವ್ ಜೊತೆ ಮಧ್ಯಮ ದೂರದ ಅಣು ಕ್ಷಿಪಣಿಗಳನ್ನ ಪೂರ್ತಿ ತೆಗೆದುಹಾಕೋ ಒಪ್ಪಂದಕ್ಕೆ ಸಹಿ ಹಾಕಿದ್ರು. ಆಗ ಏನಾಯ್ತು ಗೊತ್ತಾ, ನಾನೇ ರೇಗನ್ ವಾರಸುದಾರ ಅಂತಿದ್ದ ಕೆಂಪ್ ಅದನ್ನ ವಿರೋಧಿಸಿದ್ರು, ರಾಬರ್ಟ್‌ಸನ್, ಡ್ಯೂಪಾಂಟ್, ಹೇಗ್ ಕೂಡ ವಿರೋಧ. ಡೋಲ್ ಅಳೆದು ತೂಗಿ ಸ್ವಲ್ಪ ದಿನ ಆದ್ಮೇಲೆ ಒಪ್ಪಿದ್ರು. ಮೊದಲಿಂದ ಗಟ್ಟಿಯಾಗಿ ನಿಂತಿದ್ದು ಬುಷ್ ಒಬ್ಬರೇ. ಅಂದ್ರೆ ಜಗಳ ರೇಗನ್ ಬಗ್ಗೆ ಅಲ್ಲ, ಯಾವ ರೇಗನ್ ಅನ್ನೋದ್ರ ಬಗ್ಗೆ. 1981ರ ರೇಗನ್ನಾ, 1987ರ ರೇಗನ್ನಾ? ಹಸಿರುಬೆಟ್ಟ ಅವರು ಎಲ್ಕ್‌ಹಾರ್ಟ್ ಭಾಷಣದ ಬಗ್ಗೆ ಬರೆದಿದ್ದು ಓದಿದಾಗ ಇದೇ ನೆನಪಾಯ್ತು, 2008ರಲ್ಲಿ ಬದಲಾವಣೆ ಬದಲಾವಣೆ ಅಂತ ಬಂದ ಒಬಾಮನ್ನ ಬರ್ನಿ ಹಿಡ್ಕೊಂಡ್ರು, ಎಂಟು ವರ್ಷ ಆಳಿದ ಒಬಾಮನ್ನ ಹಿಲರಿ ಹಿಡ್ಕೊಂಡ್ರು. ಎರಡೂ ಸುಳ್ಳಲ್ಲ.

1988 ಫೆಬ್ರವರಿ 8ಕ್ಕೆ ಅಯೋವಾದಲ್ಲಿ ಬುಷ್ ಮೂರನೇ ಸ್ಥಾನಕ್ಕೆ ಬಿದ್ರು, ಡೋಲ್ ಮೊದಲು, ರಾಬರ್ಟ್‌ಸನ್ ಎರಡು. ಎಂಟು ದಿನ ಬಿಟ್ಟು ನ್ಯೂ ಹ್ಯಾಂಪ್‌ಶೈರ್. ಬುಷ್ ಕಡೆಯವರು ಡೋಲ್ ತೆರಿಗೆ ಏರಿಸ್ತಾರೆ ಅಂತ ಜಾಹೀರಾತು ಹಾಕಿದ್ರು, ತೆರಿಗೆ ಏರಿಸೋರು ರೇಗನ್ ಮನೆಯವರಲ್ಲ ಅನ್ನೋ ಸಂದೇಶ. ಬುಷ್ 38, ಡೋಲ್ 28. ಆ ರಾತ್ರಿ ಟಿವಿಯಲ್ಲಿ ಬುಷ್‌ಗೆ ಏನಾದ್ರೂ ಹೇಳೋದಿದೆಯಾ ಅಂತ ಕೇಳಿದ್ರೆ, ನನ್ನ ಬಗ್ಗೆ ಸುಳ್ಳು ಹೇಳೋದು ನಿಲ್ಲಿಸಲಿ ಅಂತ ಡೋಲ್ ಸಿಡುಕಿದ್ದು ನಾನು ಕಣ್ಣಾರೆ ನೋಡಿದ್ದು. ಬರ್ನಿ ಸೊಂಟದ ಕೆಳಗಿನ ಏಟು ಅಂದಾಗ ನನಗೆ ಡೋಲ್ ಮುಖವೇ ಕಣ್ಮುಂದೆ ಬಂತು.

ರೇಗನ್ ಮಾತ್ರ ಮೇ ತಿಂಗಳವರೆಗೂ ಯಾರ ಪರವೂ ಬಹಿರಂಗವಾಗಿ ನಿಲ್ಲಲಿಲ್ಲ, ಬುಷ್ ಬಿಟ್ರೆ ಕಣದಲ್ಲಿ ಯಾರೂ ಉಳಿದಿಲ್ಲ ಅನ್ನೋವಾಗ ಬಾಯಿ ಬಿಟ್ರು. ಒಬಾಮ ಕೂಡ 2016 ಜೂನ್ 9ರವರೆಗೆ ಕಾದ್ರು, ಆ ದಿನ ಬೆಳಗ್ಗೆ ಬರ್ನಿಯನ್ನ ವೈಟ್ ಹೌಸ್‌ಗೆ ಕರೆದು ಮಾತಾಡಿ, ಆಮೇಲೆ ಹಿಲರಿಗೆ ಬೆಂಬಲ ಅಂತ ವಿಡಿಯೋ ಬಿಟ್ರು. ಅಧಿಕಾರದಲ್ಲಿರೋ ಅಧ್ಯಕ್ಷರಿಗೆ ಇದು ಇಕ್ಕಟ್ಟು. ಬೇಗ ಆರಿಸಿದ್ರೆ ಅರ್ಧ ಪಾರ್ಟಿ ಮುನಿಸ್ಕೊಳ್ಳುತ್ತೆ, ಆರಿಸದೇ ಇದ್ರೆ ಅವರ ಹೆಸರನ್ನ ಎಲ್ಲರೂ ಹರ್ಕೊಂಡು ಹಂಚ್ಕೋತಾರೆ.

ಇನ್ನೊಂದು ಲೆಕ್ಕ ಹೇಳಿ ಮುಗಿಸ್ತೀನಿ, ಇದು ನಿಮ್ಮ ಪ್ರಶ್ನೆಗೆ ಮುಖ್ಯ. ಎರಡೇ ಅವಧಿ ಅನ್ನೋ 22ನೇ ತಿದ್ದುಪಡಿ ಬಂದಿದ್ದು 1951ರಲ್ಲಿ. ಅದಾದ ಮೇಲೆ ಎಂಟು ವರ್ಷ ವೈಟ್ ಹೌಸ್‌ನಲ್ಲಿದ್ದ ಪಾರ್ಟಿ ಮತ್ತೊಮ್ಮೆ ಗೆದ್ದಿದ್ದು ಒಂದೇ ಸಲ, ಅದೇ 1988. 1960ರಲ್ಲಿ ನಿಕ್ಸನ್ ಸೋತ್ರು, 1968ರಲ್ಲಿ ಹಂಫ್ರಿ, 1976ರಲ್ಲಿ ಫೋರ್ಡ್, 2000ದಲ್ಲಿ ಗೋರ್, 2008ರಲ್ಲಿ ಮೆಕೇನ್, 2016ರಲ್ಲಿ ಹಿಲರಿ. ಪ್ರೈಮರಿಯಲ್ಲಿ ಯಾವುದು ಬಲವೋ ನವೆಂಬರ್‌ನಲ್ಲಿ ಅದೇ ಭಾರ. ಗೋರ್ ಕ್ಲಿಂಟನ್‌ನಿಂದ ದೂರ ನಿಂತು ಸೋತ್ರು, ಹಿಲರಿ ಒಬಾಮಗೆ ಹತ್ತಿರ ನಿಂತು ಸೋತ್ರು. ಹಂಫ್ರಿ ಕಥೆ ಎಲ್ಲಕ್ಕಿಂತ ಸಂಕಟದ್ದು, ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಆಗಿನ ಅಧ್ಯಕ್ಷ ಜಾನ್ಸನ್‌ನಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಡೋಕೆ ಸೆಪ್ಟೆಂಬರ್ 30ರವರೆಗೆ ಕಾದ್ರು, ಅಷ್ಟರಲ್ಲಿ ಹೊತ್ತು ಮೀರಿತ್ತು.


ಹೊಸಬ_2019:

ಅಬ್ಬಾ, ಇಷ್ಟೊಂದು ವಿಷಯ ಇದೆ ಅಂತ ಗೊತ್ತಿರ್ಲಿಲ್ಲ, ಮೂವರಿಗೂ ತುಂಬಾ ಥ್ಯಾಂಕ್ಸ್. ಅಯೋವಾ ಮತ್ತೆ ಸೌತ್ ಕ್ಯಾರೊಲೈನಾ ನಡುವೆ ಮತದಾರರೇ ಬೇರೆ ಅನ್ನೋದು ಗೊತ್ತಾದ ಮೇಲೆ ಮಿಲ್ವಾಕೀ ಡಿಬೇಟ್ ಮತ್ತೆ ನೋಡಿದೆ, ಬೇರೇನೇ ಅರ್ಥ ಆಯ್ತು. ಆದ್ರೆ ಅಕ್ಕ, ಒಂದು ಕೇಳ್ಲಾ? ಫೆಬ್ರವರಿಯಲ್ಲಿ ಅಷ್ಟು ಕೆಲಸ ಮಾಡಿದ ಒಬಾಮ ಹೆಸರು ನವೆಂಬರ್‌ನಲ್ಲಿ ಯಾಕೆ ಕೆಲಸ ಮಾಡಲಿಲ್ಲ? ಅವರ ಅಪ್ರೂವಲ್ ಆಗ ಐವತ್ತರ ಮೇಲೇ ಇತ್ತಲ್ವಾ.


ಪಾಮೆಟ್ಟೊ_ಅಕ್ಕ:

ಈ ಪ್ರಶ್ನೆ ನಾನೂ ತುಂಬಾ ದಿನ ಕೇಳ್ಕೊಂಡಿದೀನಿ.

ಮೊದಲು ಹಸಿರುಬೆಟ್ಟ ಅವರಿಗೆ, ನೀವು ಹೇಳಿದ ಎಲ್ಕ್‌ಹಾರ್ಟ್ ವಿಷಯ ನಾನು ಯೋಚಿಸಿರ್ಲಿಲ್ಲ, ಸರಿಯಾದ ಮಾತು. ನಾವು ಆಗ ಬರ್ನಿಯನ್ನ ಒಬಾಮ ವಿರೋಧಿ ಅಂತ ಬಾಗಿಲು ಬಾಗಿಲಲ್ಲಿ ಹೇಳಿದ್ವಿ, ನಮಗೆ ಕೊಟ್ಟ ಪೇಪರ್‌ನಲ್ಲೇ ಹಾಗೆ ಇತ್ತು. ಇವತ್ತಾದ್ರೆ ನಾನು ಆ ಸಾಲು ಓದ್ತಿರ್ಲಿಲ್ಲ.

ಜುಲೈ 5ಕ್ಕೆ ಒಬಾಮ, ಹಿಲರಿ ಜೊತೆಯಾಗಿ ಮೊದಲ ಸಲ ಪ್ರಚಾರಕ್ಕೆ ಬಂದಿದ್ದು ಪಕ್ಕದ ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ಗೆ, ನಮ್ಮಿಂದ ಒಂದೂವರೆ ಗಂಟೆ ದಾರಿ, ನಾವು ನಾಲ್ಕು ಜನ ಕಾರ್ ಮಾಡ್ಕೊಂಡು ಹೋದ್ವಿ. ಇಬ್ಬರೂ ಏರ್ ಫೋರ್ಸ್ ಒನ್‌ನಲ್ಲಿ ಒಟ್ಟಿಗೆ ಬಂದಿದ್ರು. ಹಿಲರಿ ಮೊದಲು ಮಾತಾಡಿದ್ರು, ಒಬಾಮ ಹಿಂದೆ ಸ್ಟೂಲ್ ಮೇಲೆ ಕೂತು ಕೇಳ್ತಿದ್ರು. ಆಮೇಲೆ ಒಬಾಮ ಎದ್ದು, ಬ್ಯಾಟನ್ ಕೈ ದಾಟಿಸೋಕೆ ನಾನು ರೆಡಿ ಅಂದ್ರು. ಸಭಾಂಗಣ ಕುಣೀತು. ನಾನು ಸುತ್ತ ನೋಡಿದೆ, ಜನ ಫೋನ್ ಎತ್ತಿ ಫೋಟೋ ತಗೋತಾ ಇದ್ರು, ಹೆಚ್ಚು ಫೋನ್ ಎದ್ದಿದ್ದು ಹಿಲರಿ ಮಾತಾಡುವಾಗ ಅಲ್ಲ. ಅವತ್ತೇ ನನ್ನ ಹೊಟ್ಟೇಲಿ ಸಣ್ಣ ಅಳುಕು ಶುರುವಾಯ್ತು.

ಸೆಪ್ಟೆಂಬರ್‌ನಲ್ಲಿ ಒಬಾಮ ಅವರಿಗೇ ಅದು ಕಾಣಿಸಿರಬೇಕು. 17ನೇ ತಾರೀಖು ಕಪ್ಪು ಸಂಸದರ ವಾರ್ಷಿಕ ಊಟದ ಸಭೆಯಲ್ಲಿ ನಿಂತು, ನನ್ನ ಹೆಸರು ಬ್ಯಾಲೆಟ್‌ನಲ್ಲಿ ಇಲ್ದೆ ಇರಬಹುದು, ಆದ್ರೆ ನಮ್ಮ ಜನ ಈ ಚುನಾವಣೇಲಿ ಮೈಮರೆತು ಕೂತ್ರೆ ಅದು ನನಗೆ ಮಾಡಿದ ಅವಮಾನ, ನನ್ನ ಪರಂಪರೆಗೆ ಮಾಡಿದ ಅವಮಾನ ಅಂತ ದನಿ ಎತ್ತಿ ಹೇಳಿದ್ರು. ಅಧ್ಯಕ್ಷರೊಬ್ಬರು ಅಷ್ಟು ನೇರವಾಗಿ ಕೇಳ್ಕೊಂಡ್ರೂ ಜನ ಬರ್ಲಿಲ್ಲ. ದೇಶದಲ್ಲಿ ಕಪ್ಪು ಜನಾಂಗದ ಮತದಾನ 2012ರಲ್ಲಿ 66.6 ಪರ್ಸೆಂಟ್ ಇದ್ದಿದ್ದು 2016ರಲ್ಲಿ 59.6ಕ್ಕೆ ಇಳೀತು ಅಂತ ಸೆನ್ಸಸ್ ಲೆಕ್ಕ. ಕೆಲವು ಕಡೆ ವೋಟ್ ಹಾಕೋಕೇ ಹೊಸ ಹೊಸ ಅಡ್ಡಿ ಬಂದಿದ್ವು, ಅದೂ ನಿಜ. ಮಿಷಿಗನ್ ಹಿಲರಿ ಕೈತಪ್ಪಿ ಹೋಗಿದ್ದು 10,704 ವೋಟಲ್ಲಿ. ಪ್ರೈಮರಿಗೆ ಬರೋರು ಯಾವತ್ತೂ ತಪ್ಪಿಸದೆ ಬರೋ ಜನ, ವಯಸ್ಸಾದವರು, ಚರ್ಚಿನವರು, ಅವರಿಗೆ ಒಬಾಮ ಹೆಸರು ಹಿಲರಿ ಮೇಲೆ ಕೂತಿತು. ಒಬಾಮಗಾಗಿಯೇ ಜೀವನದಲ್ಲಿ ಮೊದಲ ಸಲ ವೋಟ್ ಹಾಕೋಕೆ ಬಂದವರಿಗೆ ಕೂರಲಿಲ್ಲ.

ನವೆಂಬರ್ 8ಕ್ಕೆ ವಯಸ್ಸಾದವರನ್ನ ಮತಗಟ್ಟೆಗೆ ಕರ್ಕೊಂಡು ಹೋಗೋ ಕೆಲಸ ನಂದು. ಪಟ್ಟಿಯಲ್ಲಿ ಆ ಅಜ್ಜಿ ಹೆಸರೂ ಇತ್ತು. ಬೆಳಗ್ಗೆ ಏಳೂವರೆಗೆ ಹೋದ್ರೆ ನೀಲಿ ಹ್ಯಾಟ್ ಹಾಕ್ಕೊಂಡು ಪೋರ್ಚ್‌ನಲ್ಲಿ ರೆಡಿಯಾಗಿ ಕೂತಿದ್ರು. ಮೊಮ್ಮಗ ಒಳಗೆ ಸೋಫಾ ಮೇಲೆ ಮಲಗಿದ್ದ, ಅದೇ ಫೋಟೋಗಳ ಕೆಳಗೆ. 2012ರಲ್ಲಿ ಅವನನ್ನ ಇವರೇ ಕರ್ಕೊಂಡು ಹೋಗಿ ಮೊದಲ ವೋಟ್ ಹಾಕಿಸಿದ್ರಂತೆ. ಅಜ್ಜಿ ಬಾಗಿಲಲ್ಲಿ ನಿಂತು ಎರಡು ಸಲ ಅವನ ಹೆಸರು ಕೂಗಿದ್ರು. ಅವನು ಕಣ್ಣು ಬಿಟ್ಟು, ಅವರು ಈ ಸಲ ನಿಂತಿಲ್ವಲ್ಲ ಅಜ್ಜಿ ಅಂತ ಹೇಳಿ ಆ ಕಡೆ ತಿರುಗಿ ಮಲಗಿದ. ಅಜ್ಜಿ ಏನೂ ಅನ್ನಲಿಲ್ಲ. ಬಾಗಿಲು ನಿಧಾನಕ್ಕೆ ಎಳ್ಕೊಂಡು ನನ್ನ ತೋಳು ಹಿಡ್ಕೊಂಡು ಮೆಟ್ಟಿಲು ಇಳಿದ್ರು, ಕಾರಲ್ಲಿ ಕೂತ್ಮೇಲೆ ಕ್ಯೂ ಉದ್ದ ಇರುತ್ತಾ ಅಂತ ಕೇಳಿದ್ರು.